ಬೆಂಚಿನೊಳಗೆ ಸೇರಿಹೋದ ಹೊಸ್ತಿಲು

ಗುರುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಆನಂದಪ್ಪ ಬೆಂಚನ್ನು ಬೋರಲು ಹಾಕಿಕೊಂಡು ಅದರ ಅಡಿಭಾಗಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದ. ಉಳಿದದ್ದು ಎಣ್ಣೆ ಹಚ್ಚುವುದೊಂದೇ. ಸಂಜೆ ನಾಲ್ಕಕ್ಕೆ ಟೆಂಪೊ ಬಂದು ಬೆಂಚನ್ನು ಬಾಗಲಗುಂಟೆಯ ಈ ಶೆಡ್ಡಿನಿಂದ ರಾಜಾನುಕುಂಟೆಗೆ ಒಯ್ಯಬೇಕಿತ್ತು; ಮರುದಿನ ಬೆಳಗಿನ ಜಾವ ಅಲ್ಲಿ ಗೃಹಪ್ರವೇಶ. ಆ ಮನೆಯವರು ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಮೂರಂತಸ್ತು ಕಟ್ಟಿಸಿದ್ದರು. ಹಳೆಯ ಮರದಲ್ಲೇ ನಡುಮನೆಗೆ ಒಂದು ಬೆಂಚು ಬೇಕೆಂದು ಕೇಳಿದ್ದರು.

ಫೋನ್ ಬಂತು. ಆ ಮನೆಯ ಹಿರಿಯಾಕೆ.

"ಆನಂದಪ್ಪಾ, ನಾನು ಕಣಪ್ಪಾ, ಸೊಣ್ಣಮ್ಮ. ಬೆಂಚಿನ ಜೊತೇಲೇ ಒಸ್ಲೂ ಕಳಿಸ್ಬಿಡು. ದೇವ್ರಮನೆ ಬಾಗ್ಲಿಗೆ ಜಾಗ ಬಿಟ್ಕೊಂಡು ಆಚಾರಿ ಕಾಯ್ತಾವ್ನೆ. ಸಂಜೆ ಆರಕ್ಕೆ ಪೂಜೆ."

"ಯಾವ ಹೊಸ್ತಿಲಮ್ಮಾ?"

"ಇದೇನಪ್ಪಾ ಇಂಗ್ ಕೇಳ್ತೀಯ! ನಮ್ಮನೆ ತಲೆಬಾಗ್ಲು ಒಸ್ಲು. ಮನೆ ಕೆಡವ್ದಾಗ ನಜೀರನ ಆಳುಗೋಳ್ಗೆ ಏಳಿದ್ನಲ್ಲ, ಬಟ್ಟೆ ಕಟ್ಟಿದ್ದೀನಿ, ಬೇರೆ ಮಡಗ್ರಿ ಅಂತ. ಮದ್ವೆಯಾಗಿ ಬಂದಾಗಿಂದ ದಿನಾ ಅರಿಸ್ನ ಬಳ್ದಿರೋ ಒಸ್ಲು ಕಣಪ್ಪಾ ಅದು."

"ಕಳಿಸ್ತೀನಮ್ಮಾ" ಎಂದುಬಿಟ್ಟ ಆನಂದಪ್ಪ. ಫೋನ್ ಇಟ್ಟ ಮೇಲೆ ಅವನ ಕಣ್ಣು ಬೆಂಚಿನ ಮೇಲೆ ನಿಂತಿತು. ಆ ಮನೆಯಿಂದ ಶೆಡ್ಡಿಗೆ ಬಂದದ್ದು ಮತ್ತಿ ಮರದ ಆರು ತುಂಡು. ಆರೂ ಬೆಂಚಿನಲ್ಲೇ ಇದ್ದವು. ಬೇರೆ ಎಂದು ಇಟ್ಟದ್ದು ಯಾವುದೂ ಇರಲಿಲ್ಲ.

ಆನಂದಪ್ಪ ಪೀಣ್ಯದ ಎರಕದ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಪ್ಯಾಟರ್ನ್ ಮಾಡಿದವನು. ಕಬ್ಬಿಣ ಎರೆಯುವ ಮುಂಚೆ ಮರಳಿನಲ್ಲಿ ಅಚ್ಚು ಮೂಡಿಸಲು ಬೇಕಾಗುವ ಮರದ ಮಾದರಿ ಅದು. ಅರ್ಧ ಮಿಲಿಮೀಟರ್ ತಪ್ಪಿದರೆ ಎರಕವೇ ಗುಜರಿಗೆ. ಆ ಕೆಲಸವನ್ನು ಯಂತ್ರ ಕಿತ್ತುಕೊಂಡ ಮೇಲೆ, ಆರು ವರ್ಷದಿಂದ, ಕೆಡವಿದ ಮನೆಗಳ ಮರದಲ್ಲಿ ಮೇಜು, ಬೆಂಚು, ಪೆಟ್ಟಿಗೆ ಮಾಡುತ್ತಿದ್ದ. ಅವನು ಮಾಡಿದ ಒಂದರಂತೆ ಇನ್ನೊಂದು ಇರುವುದಿಲ್ಲ, ಯಾಕೆಂದರೆ ಒಂದು ಮನೆಯ ತೊಲೆಯಂತೆ ಇನ್ನೊಂದು ಮನೆಯ ತೊಲೆ ಇರುವುದಿಲ್ಲ. ಪ್ರತಿ ತುಂಡಿನ ಅಳತೆಯನ್ನೂ ಬಂದ ದಿನವೇ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಯಾವ ತುಂಡು ಮನೆಯ ಯಾವ ಭಾಗದ್ದೆಂದು ಮಾತ್ರ ಕೇಳಿ ಬರೆದುಕೊಂಡದ್ದಿಲ್ಲ. ಅಳತೆ ಸಿಕ್ಕಿದರೆ ಸಾಕು ಎನ್ನುವುದು ಕಾರ್ಖಾನೆಯ ರೂಢಿ.

ಆನಂದಪ್ಪ ಫೋನ್ ಮಾಡಿ ಕರೆದದ್ದಕ್ಕೆ ಎಂಟೂವರೆಗೆ ನಜೀರ್ ನಾಗಸಂದ್ರದಿಂದ ಸ್ಕೂಟರಿನಲ್ಲಿ ಬಂದ. ಹಳೆಯ ಮನೆ ಕೆಡವಿ ಮರ ಮಾರುವುದು ಅವನ ಕಸುಬು.

"ಆರೂ ಒಂದೇ ದಪ್ಪ ಇದ್ವು ಅಣ್ಣ. ಟೆಂಪೊದಲ್ಲಿ ಹಿಡೀಲಿ ಅಂತ ಎರಡೂ ತುದಿ ಕಟ್ ಮಾಡಿಸ್ಬಿಟ್ಟೆ."

"ಹೊಸ್ತಿಲಲ್ಲಿ ಬಾಗಿಲ ಕಂಬ ಕೂರಿಸೋ ತೂತು ಇರೋದೇ ತುದೀಲಿ ಕಣೋ. ಅದಿದ್ದಿದ್ರೆ ನಾನೇ ಗುರುತು ಹಿಡೀತಿದ್ದೆ. ಬಟ್ಟೆನೂ ಕಟ್ಟಿದ್ರಂತಲ್ಲ ಅಮ್ಮ?"

"ತುದಿಗೇ ಕಟ್ಟಿದ್ರೇನೋ." ನಜೀರ್ ತಲೆ ಕೆರೆದುಕೊಂಡ. "ಹೋಗ್ಲಿ ಬಿಡಿ ಅಣ್ಣ, ಯಾರ್ಗೂ ಗೊತ್ತಿಲ್ಲ ಅಂದ್ಮೇಲೆ ಏನಂತೆ?"

"ನಾಲ್ಕು ತುಂಡು ಕೂರೋ ಹಲಗೆಗೆ ಹಾಕಿದ್ದೀನಿ, ಎರಡು ಒರಗೋದಕ್ಕೆ. ನಾಳೆ ಬಂದೋರೆಲ್ಲ ಲಕ್ಷ್ಮಿ ತಲೆ ಮೇಲೆ ಕೂತ್ಕೊಂಡು ಹೋಳಿಗೆ ತಿಂತಾರೆ."

ಹೊಸ್ತಿಲ ಮೇಲೆ ಕೂತದ್ದಕ್ಕೆ ಚಿಕ್ಕಂದಿನಲ್ಲಿ ತಲೆಗೆ ಮೊಟಕಿಸಿಕೊಂಡವನು ಆನಂದಪ್ಪ. ಆಟಕ್ಕೂ ಆ ಮಾತು ಆಡಬಾರದಿತ್ತು ಎನ್ನಿಸಿತು.

ನಜೀರ್ ದನಿ ತಗ್ಗಿಸಿದ. "ಯಾರ್ಡಲ್ಲಿ ಇನ್ನೊಂದು ಮತ್ತಿ ತುಂಡಿದೆ. ಎರಡು ಹಿಡಿ ಅರಿಶಿನ ಉಜ್ಜಿ ಕಳ್ಸೋಣ. ಅಜ್ಜಿ ಕಣ್ಣಲ್ಲಿ ಮೈಕ್ರೋಸ್ಕೋಪ್ ಇದ್ಯಾ?"

ನಜೀರ್ ಬರುವ ಮುಂಚೆ ಅದೇ ಯೋಚನೆ ಆನಂದಪ್ಪನ ತಲೆಯಲ್ಲೂ ಇಪ್ಪತ್ತು ನಿಮಿಷ ಕೂತು ಎದ್ದುಹೋಗಿತ್ತು.

ಟೀ ತಂದ ಹೆಂಡತಿ ವನಿತಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅರಿಶಿನ ಇದ್ಯಾ ಇಲ್ವಾ ಅಂತ ತಾನೇ ನೋಡ್ಬೇಕು? ಸುಣ್ಣ ಮುಟ್ಸಿ. ಆರತಿಗೆ ಓಕುಳಿ ನೀರು ಕೆಂಪಾಗೋದು ಇನ್ ಹೇಗೆ? ಇಪ್ಪತ್ತಾರು ವರ್ಷ ಕಾರ್ಖಾನೇಲಿ ಏನ್ ಕಲಿಸಿದ್ರೋ ನಿಮ್ಗೆ!"

ಅವಳ ಎಲೆಅಡಿಕೆ ತಟ್ಟೆಯ ಸುಣ್ಣವನ್ನೇ ನೀರಿಗೆ ಕಲಸಿದರು. ಮೊದಲು ಆನಂದಪ್ಪ, ದೂರದಲ್ಲಿ ಬಿದ್ದಿದ್ದ ಬೇರೊಂದು ಮನೆಯ ಮತ್ತಿ ಚೂರಿಗೆ ಹಚ್ಚಿ ನೋಡಿದ. ಮರ ಕೊಂಚ ಕಪ್ಪಾಯಿತು, ಕೆಂಪಾಗಲಿಲ್ಲ. ಕೆಂಪು ಕಂಡರೆ ಅದು ಮರದ್ದಲ್ಲ, ಅರಿಶಿನದ್ದೇ ಎಂದಾಯಿತು. ಆಮೇಲೆ ಬೆಂಚಿನ ಆರೂ ತುಂಡಿಗೆ ಬ್ರಶ್ಶಿನಲ್ಲಿ ಒಂದೊಂದು ಪಟ್ಟೆ ಎಳೆದು ಎರಡೆರಡು ನಿಮಿಷ ಕಾದ.

ಒಂದೂ ಕೆಂಪಾಗಲಿಲ್ಲ.

"ಮೆಷಿನ್ನಲ್ಲಿ ಕೀಸಿದೀರಲ್ಲ ಅಣ್ಣ, ಎಲ್ಲ ಹೊಟ್ಟಿನ ಜೊತೆ ಹೋಯ್ತು" ಅಂದ ನಜೀರ್.

ಆನಂದಪ್ಪ ಬೆಂಚಿನ ಮೇಲೆ ಬಗ್ಗಿದ. ಮೇಲ್ಮೈ ಹೋದರೂ ಬಿರುಕು ಇರುತ್ತದೆ. ದಿನಾ ನೀರಿನಲ್ಲಿ ಕಲಸಿ ಬಳಿದ ಅರಿಶಿನ ಬಿರುಕಿನೊಳಗೆ ಇಳಿಯದೆ ಎಲ್ಲಿಗೆ ಹೋದೀತು? ಕಡ್ಡಿಯ ತುದಿಯಲ್ಲಿ ಸುಣ್ಣದ ನೀರು ಅದ್ದಿ, ಒಂದೊಂದೇ ಬಿರುಕಿಗೆ, ಒಂದೊಂದೇ ಮೊಳೆತೂತಿಗೆ ಬಿಡುತ್ತ ಹೋದ. ಒರಗುವ ಎರಡೂ ತುಂಡು ಮುಗಿದವು. ಅಲ್ಲಿ ಸಿಕ್ಕಿದ್ದರೆ ತಿರುಪುಮೊಳೆ ಬಿಚ್ಚಿ ತೆಗೆಯಬಹುದಿತ್ತು. ಕೂರುವ ಹಲಗೆಯ ಮೊದಲ ತುಂಡು ಮುಗಿಯಿತು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎರಡನೇ ತುಂಡಿನ ಬಿರುಕೊಂದರಲ್ಲಿ ಎಳೆಯಷ್ಟು ಸಣ್ಣ ಕೆಂಪು ಮೂಡಿತು. ನೋಡನೋಡುತ್ತ ಅದು ಗೇಣುದ್ದ ಹರಿಯಿತು.

ವನಿತಾ ಕೈ ಮುಗಿದಳು. ನಜೀರ್ ಸದ್ದಿಲ್ಲದೆ ಚಪ್ಪಲಿ ಬಿಟ್ಟ.

ಆದರೆ ಅದು ಇದ್ದದ್ದು ನಟ್ಟನಡುವೆ. ಎರಡೂ ಪಕ್ಕ ಅಂಟು ಹಾಕಿ ಮರದ ಗೂಟ ಹೊಡೆದು ಬೆಸೆದದ್ದು ಆನಂದಪ್ಪನೇ, ಜನ್ಮದಲ್ಲಿ ಬಿಚ್ಚಬಾರದೆಂದು. ಬೆಸುಗೆಯ ಗೆರೆ ಹಿಡಿದು ಕುಯ್ಯಬೇಕು. ಮೆಷಿನ್ ಗರಗಸ ಮೂರು ಮಿಲಿಮೀಟರ್ ಮರ ತಿನ್ನುತ್ತದೆ, ಕೈಗರಗಸ ಒಂದು. ಕೈಗರಗಸವನ್ನೇ ತೆಗೆದ. ಗೆರೆ ಒಳಕ್ಕೆ ವಾಲಿದರೆ ಹೊಸ್ತಿಲು ಹಾಳು.

ನಜೀರ್ ಇನ್ನೊಂದು ತುದಿ ಒತ್ತಿ ಹಿಡಿದ. ಗೂಟ ಸಿಕ್ಕಿದಾಗೆಲ್ಲ ಗರಗಸದ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಆನಂದಪ್ಪ ನಿಲ್ಲಿಸಿ, ಬೆವರು ಒರೆಸಿ, ಮೂಲೆಮಟ್ಟ ಇಟ್ಟು ನೋಡಿ, ಮತ್ತೆ ಕುಯ್ಯುತ್ತಿದ್ದ. ಒಂದು ಪಕ್ಕ ಬಿಡಿಸುವಷ್ಟರಲ್ಲಿ ಒಂದೂಕಾಲು. ಊಟಕ್ಕೆ ಏಳಲಿಲ್ಲ.

ಎರಡು ನಲವತ್ತಕ್ಕೆ ಹೊರಗೆ ಸ್ಕೂಟರ್ ನಿಂತಿತು. ಮೊಮ್ಮಗಳ ಹಿಂದೆ ಒಂದು ಪಕ್ಕಕ್ಕೆ ಕೂತು ಸೊಣ್ಣಮ್ಮ ತಾವೇ ಬಂದಿದ್ದರು.

"ಬೆಳಿಗ್ಗೆ ನಿನ್ ದನಿ ಸರಿಗಿರ್ಲಿಲ್ಲ. ಅದ್ಕೇ ಬಂದೆ" ಎನ್ನುತ್ತ ಒಳಗೆ ಕಾಲಿಟ್ಟವರು ಸೀಳಿದ ಬೆಂಚನ್ನು ನೋಡಿ ಅಲ್ಲೇ ನಿಂತರು. ಎರಡನೇ ಪಕ್ಕದಲ್ಲಿ ಇನ್ನು ನಾಲ್ಕು ಬೆರಳು ಕುಯ್ಯುವುದಿತ್ತು. ಆನಂದಪ್ಪ ಗರಗಸ ಕೆಳಗಿಟ್ಟ.

"ಬೆಂಚಿಗೆ ಸೇರಿಸ್ಬಿಟ್ಟಿದ್ದೆ ಅಮ್ಮಾ. ನೋಡ್ಲಿಲ್ಲ. ಬೆಳಿಗ್ಗೆ ನಿಮ್ಗೆ ಸುಳ್ಳು ಹೇಳ್ದೆ."

"ಮೊದ್ಲು ಕುಯ್ದು ಮುಗ್ಸು" ಅಂದರು ಸೊಣ್ಣಮ್ಮ. ಉಳಿದ ನಾಲ್ಕು ಬೆರಳನ್ನು ಅವರ ಕಣ್ಣೆದುರೇ ಕುಯ್ದ. ಬಿಡಿಸಿಟ್ಟ ತುಂಡಿನ ಕೆಂಪು ಗೆರೆಯ ಮೇಲೆ ಅವರು ಅಂಗೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ತಲೆ ಎತ್ತದೆಯೇ ಕೇಳಿದರು: "ಎಷ್ಟು ಕೀಸಿದ್ದೀಯ ಇದನ್ನ?"

ಆ ಹೊಸ್ತಿಲು ಈಗ ರಾಜಾನುಕುಂಟೆಯ ದೇವರಮನೆ ಬಾಗಿಲಲ್ಲಿದೆ. ಆನಂದಪ್ಪ ಅಂದು ಹೇಳಿದ ಲೆಕ್ಕಕ್ಕೇ ಸರಿಯಾಗಿ ಅಡಿಯಲ್ಲಿ ಒಂದು ಪಟ್ಟಿ ಕೊಟ್ಟು, ಆಚಾರಿ ಅದನ್ನು ಸಂಜೆ ಆರರೊಳಗೆ ಕೂರಿಸಿದ. ಗೃಹಪ್ರವೇಶ ಬೆಂಚಿಲ್ಲದೆಯೇ ನಡೆಯಿತು. ನಜೀರನ ಯಾರ್ಡಿನ ತುಂಡು ಸೇರಿಸಿಕೊಂಡು ಬೆಂಚು ಹತ್ತನೆಯ ದಿನ ಹೋಯಿತು. ಸೊಣ್ಣಮ್ಮ ಮಧ್ಯಾಹ್ನ ಅದರ ಮೇಲೇ ಕೂತು ಹುರುಳಿಕಾಯಿ ಸೋಸುತ್ತಾರಂತೆ.

ಆದರೆ ಆ ಗುರುವಾರ, ಅವರು ಹಾಗೆ ಕೇಳಿದಾಗ, ಅಜ್ಜಿಯ ಬೆನ್ನ ಹಿಂದೆ ನಿಂತು ನಜೀರ್ ಒಂದೇ ಬೆರಳು ತೋರಿಸುತ್ತಿದ್ದ, ಒಂದು ಅನ್ನಿ ಸಾಕು ಎಂದು. ಆನಂದಪ್ಪ ಗೋಡೆಯ ಮೇಲೆ ಬರೆದ ದಪ್ಪವನ್ನು ಓದಿದ. ವರ್ನಿಯರ್ ತೆಗೆದು ತುಂಡನ್ನು ಮೂರು ಕಡೆ ಅಳೆದ. ಒಂದನ್ನೊಂದರಿಂದ ಕಳೆದು, ಮನಸ್ಸಿನಲ್ಲೇ ಇನ್ನೊಮ್ಮೆ ಕಳೆದು, ಅವರ ಮುಖ ನೋಡಿಕೊಂಡೇ ಹೇಳಿದ:

"ಹದಿಮೂರು ಮಿಲಿಮೀಟರ್, ಅಮ್ಮಾ."