ಮಾವನ ಗುಳಿಗೆ, ಅತ್ತೆಯ ಸೌಟು

ಬೆಳಿಗ್ಗೆ ಆರಕ್ಕೆ ಸರಿಯಾಗಿ ನಮ್ಮ ಎದುರು ಮನೆಯವರು ಡಿಕಾಕ್ಷನ್ ಇಳಿಸುತ್ತಾರೆ. ಕಾಂದಿವಲಿಯ ಈ ಬಿಲ್ಡಿಂಗಿನಲ್ಲಿ ಒಂದು ಮಹಡಿಗೆ ನಾಲ್ಕು ಮನೆ ಇದ್ದರೂ ಆ ಪರಿಮಳ ಬೇರೆ ಯಾರ ಮನೆಗೂ ಹೋಗದೆ, ನಮ್ಮ ಬಾಗಿಲಿನ ಸಂದಿಯಲ್ಲೇ ನುಸುಳಿ, ಸೀದಾ ನನ್ನ ಮೂಗಿಗೇ ಬರುತ್ತದೆ. ಆ ಹೊತ್ತಿಗೆ ನಾನು ಥೈರಾಯ್ಡಿನ ಗುಳಿಗೆ ನುಂಗಿ ಗಡಿಯಾರ ನೋಡುತ್ತಾ ಕುಳಿತಿರುತ್ತೇನೆ. ಸಾಸಿವೆಗಿಂತ ತುಸು ದೊಡ್ಡದಾದ ಗುಳಿಗೆ, ಆದರೆ ಅದರ ದರ್ಬಾರು ದೊಡ್ಡದು. ಅದು ಹೊಟ್ಟೆಗಿಳಿದ ಮೇಲೆ ಒಂದು ಗಂಟೆ ನೀರಲ್ಲದೆ ಬೇರೇನೂ ಬಾಯಿಗೆ ಹೋಗಬಾರದು. ಕಾಫಿಯಂತೂ ಕೂಡದೇ ಕೂಡದು. ಕಾಫಿ ಜೊತೆಗೆ ಬಂದರೆ ಗುಳಿಗೆ ಮೈಗೆ ಹತ್ತುವುದೇ ಇಲ್ಲವಂತೆ.

ನನಗೆ ಈ ಕಾಯಿಲೆ ಇದೆಯೆಂದು ಗೊತ್ತಾದದ್ದು ಕಳೆದ ವರ್ಷ. ಫೋರ್ಟಿನ ಬ್ಯಾಂಕಿನಿಂದ ಬರುವಾಗ ಲೋಕಲಿನಲ್ಲಿ ನಿದ್ದೆ ಹೋಗಿ ಬೋರಿವಲಿಯಲ್ಲಿ ಎಚ್ಚರವಾಗುವುದು ವಾರಕ್ಕೆ ಮೂರು ಸಲ ಆಗತೊಡಗಿತು. ನಾನು ವಯಸ್ಸನ್ನು ಬೈದೆ, ನನ್ನ ಗಂಡ ನನ್ನ ಮೊಬೈಲನ್ನು ಬೈದರು, ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ನಾವಿಬ್ಬರೂ ಬೈದದ್ದು ತಪ್ಪು ವಿಳಾಸಕ್ಕೆ ಎಂದು ತಿಳಿಯಿತು. ರಿಪೋರ್ಟು ಬಂದ ಮೇಲೆ ಬಿಲ್ಡಿಂಗಿನ ಹೆಂಗಸರು ನನ್ನನ್ನು ಹೊಸ ಗೌರವದಿಂದ ಕಂಡರು. ಅಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಥೈರಾಯ್ಡ್. ಲಿಫ್ಟಿನಲ್ಲಿ ಸಿಕ್ಕರೆ ಸಾಕು, "ಆಪ್‌ಕಾ ಕಿತನಾ ಆಯಾ?" ಎಂದು ಮಕ್ಕಳ ಮಾರ್ಕ್ಸ್ ಕೇಳಿದ ಹಾಗೆ ರಿಪೋರ್ಟಿನ ನಂಬರು ಎಷ್ಟು ಬಂತೆಂದು ಕೇಳುತ್ತಾರೆ.

ಮಾಟುಂಗದಲ್ಲಿರುವ ನನ್ನ ಅತ್ತೆಗೆ, ಅಂದರೆ ಸೋದರಮಾವನ ಹೆಂಡತಿಗೆ, ಫೋನು ಮಾಡಿ ಹೇಳಿದೆ. ಎಂಬತ್ತು ದಾಟಿದ ಜೀವ. ಗಾಬರಿಯಾದಾರು ಎಂದು ಅಳುಕುತ್ತಲೇ ಹೇಳಿದೆ. ಅವರು ನಂಬರೂ ಕೇಳಲಿಲ್ಲ, ಡಾಕ್ಟರ್ ಯಾರೆಂದೂ ಕೇಳಲಿಲ್ಲ.

"ಹೌದಾ? ಹಾಗಾದ್ರೆ ಬೆಳಿಗ್ಗೆ ರುಚಿ ನೋಡುವವರು ಯಾರು ಈಗ?" ಎಂದರು.

"ನಮ್ಮದು ಹೋಟೆಲಾ ಅತ್ತೆ?" ಎಂದು ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಇಪ್ಪತ್ತೈದು ವರ್ಷ ಹಿಂದಿನ ಮಾಟುಂಗಕ್ಕೆ ಬರಬೇಕು. ಲೋಕಲಿನಲ್ಲಿ ಜಾಗ ಸಿಗದಿದ್ದರೆ ನಿಂತೇ ಬನ್ನಿ, ನಾನೂ ನಿಂತೇ ಹೋಗುತ್ತಿದ್ದುದು.

ಬ್ಯಾಂಕಿನ ಕೆಲಸ ಸಿಕ್ಕಿದ ಹೊಸತರಲ್ಲಿ ನಾನು ಮಾವನ ಮನೆಯಲ್ಲಿದ್ದೆ. ಉಡುಪಿ ಕಡೆಯಿಂದ ಹುಡುಗನಾಗಿ ಬಂದ ಮಾವ, ಮನೆಯಿಂದ ಎರಡು ಗಲ್ಲಿ ಆಚೆ ತಮ್ಮ ತಂದೆ ಶುರುಮಾಡಿದ ಹೋಟೆಲನ್ನು ನಡೆಸುತ್ತಿದ್ದರು. ಹನ್ನೆರಡು ಮೇಜಿನ ಹೋಟೆಲು. ಅದರಲ್ಲಿ ಒಂದು ಕಟ್ಟಳೆ ಇತ್ತು: ಬೆಳಿಗ್ಗೆ ಏನೇ ತಯಾರಾಗಲಿ, ಮಾವ ರುಚಿ ನೋಡದೆ ಹೊರಗಿನ ಮೇಜಿಗೆ ಹೋಗುವಂತಿಲ್ಲ. ಮೊದಲ ಡಿಕಾಕ್ಷನ್ನಿನ ಕಾಫಿ ಅರ್ಧ ಲೋಟ, ಸಾಂಬಾರು ಅರ್ಧ ಸೌಟು, ಚಟ್ನಿ ಒಂದು ಚಮಚ, ಅದನ್ನು ಅದ್ದಲು ಇಡ್ಲಿಯ ಒಂದು ತುಂಡು, ಕೊನೆಗೆ ಶೀರ. ಅಡಿಗೆಯ ಶೀನಣ್ಣ ಸ್ಟೀಲಿನ ಬಟ್ಟಲು ಹಿಡಿದು ಪರೀಕ್ಷೆಗೆ ಕೂತ ಹುಡುಗನಂತೆ ಎದುರಿಗೆ ನಿಂತಿರಬೇಕು. ಮಾವ ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿ, "ಹೋಗಲಿ" ಎಂದರೆ ಮಾತ್ರ ಮಾಟುಂಗಕ್ಕೆ ಬೆಳಗಾಯಿತು. ಮಾಡಿದವನೇ ರುಚಿ ನೋಡಬಾರದು ಎಂಬುದು ಅವರ ತಂದೆಯ ಕಾಲದ ಮಾತು. ತನ್ನ ಮಗು ಯಾರಿಗೂ ಕುರೂಪಿಯಾಗಿ ಕಾಣುವುದಿಲ್ಲವಲ್ಲ.

ಇನ್ನೊಂದು ಮಾತನ್ನೂ ಆ ತಂದೆಯೇ ಹೇಳಿ ಹೋಗಿದ್ದರು. ಮಾವ ಏಕಾದಶಿಗೆ ಹನಿ ಹಾಲೂ ಮುಟ್ಟದವರು. ಆದರೆ ಏಕಾದಶಿಯ ಬೆಳಿಗ್ಗೆಯೂ ಸಾಂಬಾರಿನ ರುಚಿ ನೋಡುತ್ತಿದ್ದರು. ಒಮ್ಮೆ ನಾನು ಕೆಣಕಿದ್ದಕ್ಕೆ, "ಅದು ಊಟ ಅಲ್ಲ ಮಾರಾಯ್ತಿ, ಅದು ಕೆಲಸ. ಕೆಲಸಕ್ಕೆ ಎಂತ ಏಕಾದಶಿ? ರುಚಿ ನೋಡಿದ್ದು ಹೊಟ್ಟೆಗೆ ಲೆಕ್ಕ ಇಲ್ಲ ಅಂತ ಅಪ್ಪನೇ ಹೇಳಿದ್ದು," ಎಂದಿದ್ದರು. ದೇವರೂ ಈ ಒಪ್ಪಂದಕ್ಕೆ ತಲೆಯಾಡಿಸಿದ್ದನೆಂದು ಕಾಣುತ್ತದೆ, ಮಾವನಿಗೆ ಪುಣ್ಯ ಕಡಿಮೆಯಾದ ಹಾಗೆ ಯಾರಿಗೂ ಕಾಣಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಮಾವ ಗಲ್ಲೆಯಲ್ಲಿ, ಅಂದರೆ ಹಣದ ಪೆಟ್ಟಿಗೆಯ ಮುಂದೆ, ಶಾಲು ಹೊದ್ದು ಕೂರತೊಡಗಿದರು. ಮುಂಬಯಿಯ ಮೇ ತಿಂಗಳು ಎಂದರೆ ನಿಮಗೆ ಗೊತ್ತು, ನಿಂತಲ್ಲೇ ನೀರಾಗುವ ಕಾಲ. ಮಾವ ಚಳಿಯೆಂದು ಫ್ಯಾನಿನ ಸ್ವಿಚ್ಚು ಆರಿಸುವರು, ಗಿರಾಕಿಗಳು ಎದ್ದು ಬಂದು ಹಾಕುವರು, ಮಾವ ಮತ್ತೆ ಆರಿಸುವರು. ಮುಖ ತುಂಬಿಕೊಂಡಿತು, "ಧಣಿ ಚೆನ್ನಾಗಿ ಆಗಿದ್ದಾರೆ" ಎಂದು ಜನ ಹೊಗಳಿದರು. ದನಿ ಒಡೆದು ಗೊಗ್ಗರಾಯಿತು. ಗಲ್ಲೆಯಲ್ಲೇ ತೂಕಡಿಸುವರು. ಇದೆಲ್ಲವನ್ನೂ ಮಾವ ವಯಸ್ಸಿನ ತಲೆಗೆ ಕಟ್ಟಿದರು. ಕಟ್ಟಲಾಗದೆ ಹೋದದ್ದು ಒಂದೇ.

ಫೋರ್ಟಿನ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತರಾಗಿದ್ದ ರಾಯರು ಎಂಬವರು ದಿನಾ ಲೋಕಲ್ ಹಿಡಿಯುವ ಮೊದಲು ಮಾವನಲ್ಲಿ ಇಡ್ಲಿ ತಿಂದು ಹೋಗುತ್ತಿದ್ದರು. ಮಿತಭಾಷಿ. ಒಂದು ದಿನ ಅವರು ಸಾಂಬಾರಿನ ಬಟ್ಟಲನ್ನು ಬೆರಳಿನಿಂದ ಮೆಲ್ಲನೆ ದೂರ ಸರಿಸಿ, ಚಟ್ನಿಯಲ್ಲೇ ಇಡ್ಲಿ ಮುಗಿಸಿ ಎದ್ದರು. ಮಾವ ಅದೇ ಹಂಡೆಯಿಂದ ಒಂದು ಚಮಚ ಬಾಯಿಗಿಟ್ಟರು. ಅವರಿಗೆ ಎಲ್ಲ ಸರಿಯಾಗಿಯೇ ಇತ್ತು. ಶೀನಣ್ಣನನ್ನು ಕರೆದು ಕೇಳಿದರೆ ಅವನು ನೆಲ ನೋಡುತ್ತಾ, "ಉಪ್ಪು ಸ್ವಲ್ಪ ಜೋರುಂಟು ಧಣಿ. ಒಂದು ತಿಂಗಳಾಯ್ತು. ನೀವೇ ಹಾಕು ಹೇಳಿದ್ದಲ್ಲವಾ?" ಎಂದ.

ಆ ದಿನ ಮಾವ ಮಧ್ಯಾಹ್ನವೇ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಅವರಿಗೆ ಆಸ್ತಿ ಎಂದು ಇದ್ದದ್ದು ಆ ನಾಲಿಗೆ ಒಂದೇ. ಹೋಟೆಲಿನ ಜಾಗವೂ ಪಗಡಿಯದ್ದು, ಹಳೆಯ ಬಾಡಿಗೆಯದ್ದು, ಸ್ವಂತದ್ದಲ್ಲ.

ಅತ್ತೆ ಹಟ ಹಿಡಿದು ಮಾವನನ್ನು ನನ್ನ ಜೊತೆ ಡಾಕ್ಟರ ಹತ್ತಿರ ಕಳಿಸಿದರು. ಥೈರಾಯ್ಡ್ ಎಂದು ಡಾಕ್ಟರಮ್ಮ ಹೇಳಿದಾಗ ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಅದು ಹೆಂಗಸರ ಕಾಯಿಲೆ ಅಲ್ಲವಾ?" ಎಂದು ನನ್ನನ್ನೇ ಕೇಳಿದರು. ಹೊರಗೆ ಕೂತಿದ್ದವರೆಲ್ಲ ಹೆಂಗಸರೇ. ರಿಪೋರ್ಟಿನಲ್ಲಿ ನಂಬರು ಜಾಸ್ತಿ ಬಂದಿತ್ತು, ಡಾಕ್ಟರಮ್ಮ ಥೈರಾಯ್ಡ್ ಕಡಿಮೆ ಅನ್ನುತ್ತಿದ್ದರು. ಇದು ಮಾವನ ತಲೆಗೇ ಹೋಗಲಿಲ್ಲ. ಕೊನೆಗೆ ನಾನೇ, "ಮಾವ, ಆ ನಂಬರು ಅಂದರೆ ಸಪ್ಲಾಯರ್ ಕೂಗುವುದು. ಅಡಿಗೆಕೋಣೆಯಿಂದ ಇಡ್ಲಿ ಬಾರದಿದ್ದರೆ ಅವನು ಇನ್ನೂ ಜೋರಾಗಿ ಕೂಗ್ತಾನಲ್ಲ, ಹಾಗೆ," ಎಂದೆ. ತಕ್ಷಣ ಅರ್ಥವಾಯಿತು. ಔಷಧ ಸರಿಯಾಗಿ ತೆಗೆದುಕೊಂಡರೆ ನಾಲಿಗೆಯೂ ಮರಳುತ್ತದೆ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಮಾವ ಚೀಟಿಯನ್ನು ಪ್ರಸಾದದಂತೆ ಮಡಚಿ ಜೇಬಿಗಿಟ್ಟರು.

ಆದರೆ ಸಪ್ಲಾಯರ್ ಕೂಗುವುದನ್ನು ನಿಲ್ಲಿಸಲಿಲ್ಲ. ಎರಡು ತಿಂಗಳಿಗೊಮ್ಮೆ ರಕ್ತ ಕೊಡುವುದು, ನಂಬರು ಇದ್ದಲ್ಲೇ ಇರುವುದು, ಡಾಕ್ಟರಮ್ಮ ಗುಳಿಗೆಯ ಪ್ರಮಾಣ ಏರಿಸುವುದು. ಖಾಲಿ ಹೊಟ್ಟೆಗೇ ನುಂಗುತ್ತೀರಾ, ಆಮೇಲೆ ಒಂದು ಗಂಟೆ ಏನೂ ಇಲ್ಲವಾ ಎಂದು ಹಿಂದಿಯಲ್ಲಿ ವಿಚಾರಿಸುವುದು.

"ಅಂಕಲ್, ಗೋಲಿ ಖಾಲೀ ಪೇಟ್ ಲೇತೇ ಹೋ ನಾ?"

"ಏಕ್‌ದಮ್ ಖಾಲೀ ಪೇಟ್, ಡಾಕ್ಟರ್."

"ಉಸ್ಕೇ ಬಾದ್ ಏಕ್ ಘಂಟಾ ಕುಛ್ ನಹೀ?"

"ಕುಛ್ ನಹೀ!" ಮಾವ ಸುಳ್ಳು ಹೇಳುವವರಲ್ಲ. ಅತ್ತೆಯೂ ಸಾಕ್ಷಿ: ನಾಲ್ಕೂವರೆಗೆ ಏಳುತ್ತಾರೆ, ಸ್ನಾನ ಮುಗಿಸಿ ಗುಳಿಗೆ ನುಂಗುತ್ತಾರೆ, ಹನಿ ಕಾಫಿಯೂ ಕುಡಿಯದೆ ಹೋಟೆಲಿಗೆ ಹೊರಡುತ್ತಾರೆ. ತಪ್ಪೆಲ್ಲಿ?

ಒಂದು ಬೆಳಿಗ್ಗೆ ಮಾವ ಕನ್ನಡಕ ಮರೆತು ಹೋಗಿದ್ದರು. ಅದನ್ನು ಕೊಡಲು ನಾನು ಬೆನ್ನಿಗೇ ಹೋದೆ. ಅಡಿಗೆಕೋಣೆಯಲ್ಲಿ ಮಾವ ಕಣ್ಣು ಮುಚ್ಚಿ ಕಾಫಿ ಹೀರುತ್ತಿದ್ದರು. ಗುಳಿಗೆ ನುಂಗಿ ಕಾಲು ಗಂಟೆಯೂ ಆಗಿರಲಿಲ್ಲ. ಆಮೇಲೆ ಸಾಂಬಾರು. ಉಪ್ಪು ಸಾಲದೆಂಬ ಅನುಮಾನಕ್ಕೆ ಮತ್ತೆ ಸಾಂಬಾರು. ಚಟ್ನಿ, ಇಡ್ಲಿ, ಶೀರ. ನಾಲಿಗೆ ಮೊದಲಿನಂತಿಲ್ಲವೆಂಬ ಹೆದರಿಕೆಗೆ ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಿದ್ದರು.

"ಮಾವ! ಎಂತ ಇದು?"

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಎಂತ ಎಂದರೆ? ರುಚಿ ನೋಡಿದ್ದು ಮಾರಾಯ್ತಿ!"

ಏಕಾದಶಿಯನ್ನು ಒಪ್ಪಿಸಿದ್ದ ವಾದವನ್ನು ಗುಳಿಗೆ ಒಪ್ಪಿರಲಿಲ್ಲ, ಅಷ್ಟೇ. ಡಾಕ್ಟರಮ್ಮ ಕೇಳಿ ನಕ್ಕರು, ಆಮೇಲೆ ಗದರಿದರು. ಒಂದು ಗಂಟೆ ಮುಂಚೆ ಏಳುತ್ತೇನೆ ಎಂದರು ಮಾವ. ಇರುವ ನಿದ್ದೆಯೇ ಅಷ್ಟು, ಅದಕ್ಕೂ ಕತ್ತರಿಯಾ ಎಂದು ಬೈಸಿಕೊಂಡರು. ಒಂದು ಗಂಟೆ ರುಚಿ ನೋಡಬೇಡಿ, ಬೇರೆ ಯಾರಾದರೂ ನೋಡಲಿ ಎಂಬುದೇ ಕೊನೆಯ ತೀರ್ಪು. ಅಂದರೆ ನಾಲಿಗೆ ಮರಳಿ ಬೇಕಿದ್ದರೆ ಸೌಟು ಬಿಡಬೇಕು. ಸೌಟು ಬಿಡದಿದ್ದರೆ ನಾಲಿಗೆಯ ಆಸೆ ಬಿಡಬೇಕು. ಮಾವ ಎರಡು ದಿನ ಗುಳಿಗೆಯ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು.

ಮೂರನೆಯ ದಿನ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟುವಾಗ ಅತ್ತೆಯೂ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಮೂವತ್ತು ವರ್ಷ ಮನೆಯಲ್ಲಿ ನಿಮಗೆ ಬೇಯಿಸಿ ಹಾಕಿದ್ದೇನೆ. ಒಂದು ದಿನ ಉಪ್ಪು ಜಾಸ್ತಿ ಹೇಳಿದ್ದೀರಾ?" ಎಂದರು. ಮಾವ ಇನ್ನೊಂದು ಕಾಲಿನ ಚಪ್ಪಲಿಯನ್ನೂ ಮೆಟ್ಟಿದರು. ಆ ಹೋಟೆಲಿನ ಅಡಿಗೆಕೋಣೆಗೆ ಅತ್ತೆ ಕಾಲಿಟ್ಟದ್ದು ಅಂದೇ ಮೊದಲು.

ನಾನೂ ತಮಾಷೆ ನೋಡಲು ಹಿಂದೆ ಹೋದೆ. ಮಾವ ಸ್ಟೂಲಿನ ಮೇಲೆ, ಕೈ ಎರಡೂ ಮಡಿಲಲ್ಲಿ. ಅತ್ತೆ ಸೌಟು ಎತ್ತಿ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದರು.

"ಉಪ್ಪು?" ಎಂದರು ಮಾವ.

"ಉಂಟು."

"ಹುಳಿ?"

"ಉಂಟು."

"ಎಷ್ಟು ಉಂಟು?"

"ಬೇಕಾದಷ್ಟು ಉಂಟು," ಎಂದು ಅತ್ತೆ ಶೀನಣ್ಣನ ಕಡೆ ತಿರುಗಿ, "ಹೋಗಲಿ," ಎಂದರು. ಆ ಮಾತು ಬೇರೆ ಬಾಯಿಂದ ಬಂದದ್ದನ್ನು ಕೇಳಿ ಮಾವನ ಮುಖ ಹೇಗಾಯಿತೆಂದು ನೆನೆದು ನಾನು ಲೋಕಲಿನಲ್ಲಿ ವಿ.ಟಿ. ಸ್ಟೇಷನ್ನಿನವರೆಗೂ ನಗುತ್ತಾ ಹೋದೆ.

ವಾರ ಕಳೆಯುವುದರೊಳಗೆ ರಾಯರು ಇನ್ನೊಂದು ಬಟ್ಟಲು ಸಾಂಬಾರು ಕೇಳಿದರು. "ಮನೆಯದ್ದರ ಹಾಗೆ ಉಂಟು," ಎಂದರಂತೆ. ಮಾವ ಅದನ್ನು ಮನೆಗೆ ಬಂದು ಅತ್ತೆಗೆ ಹೇಳಿದ್ದು ಮೂರು ದಿನ ಬಿಟ್ಟು. ನಾಲ್ಕು ತಿಂಗಳಲ್ಲಿ ನಂಬರು ಇಳಿಯಿತು, ಶಾಲು ಪೆಟ್ಟಿಗೆ ಸೇರಿತು, ಗಿರಾಕಿಗಳಿಗೆ ಗಾಳಿ ಸಿಕ್ಕಿತು. ಒಂದು ದಿನ, ಗುಳಿಗೆಯ ಗಂಟೆ ಕಳೆದ ಮೇಲೆ ಇಳಿದ ಎರಡನೆಯ ಹಂಡೆಯ ಸಾಂಬಾರನ್ನು ಬಾಯಿಗಿಟ್ಟ ಮಾವ, "ಇಂಗು ಹಳತು," ಎಂದರು. ಶೀನಣ್ಣ ಓಡಿಹೋಗಿ ಡಬ್ಬಿ ನೋಡಿದ, ಹಳತೇ. ಮಾವನ ಕಣ್ಣಲ್ಲಿ ನೀರು ಬಂತು. ಅದು ಒಗ್ಗರಣೆಯ ಹೊಗೆ ಎಂದು ಅವರು, ಒಗ್ಗರಣೆ ಆಗ ಇರಲೇ ಇಲ್ಲ ಎಂದು ಶೀನಣ್ಣ.

ಮಾರನೆಯ ದಿನ ಮಾವ ಅತ್ತೆಗೆ, "ಇನ್ನು ನೀನು ಬರಬೇಕೂಂತ ಇಲ್ಲ ಮಾರಾಯ್ತಿ, ನಂಗೆ ಗುಣ ಆಯ್ತಲ್ಲ," ಎಂದರು.

"ಗುಳಿಗೆ ಜೀವಮಾನದ್ದು ಅಲ್ಲವಾ?" ಎಂದರು ಅತ್ತೆ, ಸೆರಗು ಸಿಕ್ಕಿಸುತ್ತಾ.

ಮೊದಲ ಹಂಡೆ ಕೊನೆಯವರೆಗೂ ಅತ್ತೆಯದೇ ಆಯಿತು. ಮಾವನಿಗೆ ಎರಡನೆಯದು. ಅವರು ತೀರಿಕೊಂಡು ಆರು ವರ್ಷವಾಯಿತು. ಈ ಕಥೆಯನ್ನು ನಾನು ಬ್ಯಾಂಕಿನಲ್ಲಿ, ಮದುವೆಮನೆಗಳಲ್ಲಿ, ಲಿಫ್ಟಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ.

ಈಗ ನನ್ನ ಕಥೆ. ಹೋದ ವಾರ ಮೂರನೆಯ ರಿಪೋರ್ಟು ಬಂತು. ನಂಬರು ಇದ್ದಲ್ಲೇ ಇದೆ. ಖಾಲಿ ಹೊಟ್ಟೆಯಾ ಎಂದು ಡಾಕ್ಟರ್ ಕೇಳಿದರು. ಏಕ್‌ದಮ್ ಎಂದೆ. ಮರುದಿನ ಬೆಳಿಗ್ಗೆ ಗುಳಿಗೆ ನುಂಗಿ, ಗಂಡನ ಕಾಫಿಗೆ ಸಕ್ಕರೆ ಸರಿಯಿದೆಯಾ ನೋಡಿ, ಡಬ್ಬಿಗೆ ಉಪ್ಪಿಟ್ಟು ಕೆದಕುತ್ತಿದ್ದೆ. ಕಾಲೇಜಿಗೆ ಬೇಗ ಎದ್ದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮಾ, ಗೋಲಿ ಲಿಯಾ ನಾ ಅಭೀ? ಫಿರ್ ಕಾಫಿ ಯಾಕೆ ಕುಡಿತಿ?"

"ಕುಡಿದದ್ದಲ್ಲ ಮಗಾ," ಎಂದೆ, ನಿಜವಾಗಿಯೂ ಆಶ್ಚರ್ಯಪಟ್ಟು. "ರುಚಿ ನೋಡಿದ್ದು."

ಹೇಳಿದ ಮೇಲೆ ಕೇಳಿಸಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದರೆ ಇದೇ ಇರಬೇಕು. ಒಂದು ವರ್ಷ ದಿನಾ ಅರ್ಧ ಲೋಟ ಕಾಫಿ, ನಾಲ್ಕು ಚಮಚ ತಿಂಡಿ, ಆಮೇಲೆ ಗಡಿಯಾರದ ಮುಂದೆ ಕೂತು ತಪಸ್ಸು! ಚಮಚವನ್ನು ಮಗಳ ಕಡೆ ಚಾಚಿ, "ಹಾಗಾದ್ರೆ ನೀನೇ ನೋಡು," ಎಂದೆ. ಅವಳು ಹಿಡಿದೆಳೆದಳು. ನಿಮ್ಮಲ್ಲಿ ಮುಚ್ಚಿಡುವುದೇನು, ನನ್ನ ಬೆರಳು ಬಿಡಲಿಲ್ಲ. ಮಾವನ ಕೈ ಎರಡೂ ಮಡಿಲಲ್ಲಿದ್ದದ್ದು ಆಗ ನೆನಪಾಯಿತು. ಇಪ್ಪತ್ತೈದು ವರ್ಷ ನಾನು ನಕ್ಕ ಆ ಮುಖದ ಮೇಲೆ ಇದ್ದದ್ದು ಸಂಕಟ ಎಂದು ಆ ಕ್ಷಣಕ್ಕೆ ಗೊತ್ತಾಯಿತು, ಮಾವನಲ್ಲಿ ಕ್ಷಮೆ ಕೇಳಬೇಕೆನಿಸಿತು.

ಅಡುಗೆಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ಹುಡುಗಿ ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಉಪ್ಪು... ಥೋಡಾ ಬೇಕು," ಎಂದಳು. ಬೇಡ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಒಂದು ಚಿಟಿಕೆ ಹಾಕಿದೆ. ಗಂಟೆ ಕಳೆದು ತಿಂದು ನೋಡಿದರೆ, ಹುಡುಗಿ ಹೇಳಿದ್ದು ಸರಿ.

ಮಾಟುಂಗಕ್ಕೆ ಫೋನು ಹಚ್ಚಿದೆ. "ಅತ್ತೆ, ಇವತ್ತಿಂದ ಮಗಳು ರುಚಿ ನೋಡ್ತಾಳೆ. ನನ್ನ ನಂಬರು ಇಳಿಯುವವರೆಗೆ."

"ಉಪ್ಪು ಸರಿ ಹೇಳಿದಳಾ?"

"ಹೇಳಿದಳು."

ಅತ್ತೆ ಆಚೆ ಕಡೆ ಸ್ವಲ್ಪ ಹೊತ್ತು ನಕ್ಕರು. "ಹಾಗಾದ್ರೆ ಸೌಟಿನ ಆಸೆ ಬಿಡು ಮಗಾ," ಎಂದರು.