ಟ್ರೇಲರಿನ ನೆರಳು

ಬದುವಿನ ಮೇಲಿನ ಬೇವಿನ ಗಿಡವನ್ನು ಬಿಡು ಎಂದು ನಾನು ಜೆಸಿಬಿಯವನಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಗದಗ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಕೊರ್ಲಹಳ್ಳಿ ದಾರಿಯ ನಮ್ಮ ಹೊಲವನ್ನು ಸಮ ಮಾಡಿಸುತ್ತಿದ್ದೆ. ಗಂಡ ತೀರಿಹೋದ ಮೇಲೆ ತವರಿಗೆ ಬಂದಿದ್ದ ಅಕ್ಕ ದಿನಾ ಮಧ್ಯಾಹ್ನ ಆ ಗಿಡದ ಕೆಳಗೆ ಕುಳಿತು ಬರುತ್ತಿದ್ದಳು.

‘ಅಲ್ಲಿ ಕುಂತ್ರ ಎದಿ ಹಗುರ ಆಗತೈತಿ. ಅದೊಂದ ಗಿಡಾ ಉಳಸೋ ತಮ್ಮಾ,’ ಎಂದಿದ್ದಳು.

ಆಗಲಿ ಎಂದಿದ್ದೆ. ಆದರೆ ಬದು ಹೋದರೆ ಇನ್ನೆರಡು ಸಾಲು ಜೋಳ ಹಿಡಿಯುತ್ತದೆ ಎನ್ನಿಸಿತು. ಜೆಸಿಬಿ ಗಿಡದ ಬುಡಕ್ಕೆ ಬಂದಾಗ ಚಹಾ ಕುಡಿಯುತ್ತಾ ನಿಂತೆ. ಅಂದಿನಿಂದ ಅಕ್ಕ ಮಧ್ಯಾಹ್ನವೆಲ್ಲ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು.

ಎಳ್ಳಮಾವಾಸ್ಯೆಗೆ ಮನೆಯವರೆಲ್ಲ ಹೊಲಕ್ಕೆ ಹೋದೆವು. ಬುತ್ತಿಯಲ್ಲಿ ಒಂದಿಷ್ಟನ್ನು ಚರಗವೆಂದು ಪೈರಿಗೆ ಚೆಲ್ಲಿ, ಟ್ರ್ಯಾಕ್ಟರಿನ ಟ್ರೇಲರ್ ನೆರಳಲ್ಲಿ ಊಟಕ್ಕೆ ಕುಳಿತೆವು. ಬೇರೆ ನೆರಳಿರಲಿಲ್ಲ. ಅರ್ಧ ಊಟಕ್ಕೆ ಬಿಸಿಲು ರೊಟ್ಟಿಯ ಮೇಲೆ ಬಂತು.

‘ತಮ್ಮಾ, ನಿನ್ನ ಗಿಡಾ ಚಾಲೂ ಮಾಡೋ. ಸ್ವಲ್ಪ ಮುಂದ ತಗೋ,’ ಎಂದಳು ಅಕ್ಕ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಾನು ಎದ್ದು ಟ್ರ್ಯಾಕ್ಟರ್ ಮುಂದೆ ತಂದೆ. ಎಲ್ಲರೂ ತಾಟು ಎತ್ತಿಕೊಂಡು ನೆರಳಿನ ಹಿಂದೆ ಸರಿದರು. ಇಂಜಿನ್ ಆರಿಸಿ, ಕೆಳಗಿಳಿದು, ಅಕ್ಕನ ಎದುರು ಕುಳಿತೆ.

‘ಯಕ್ಕಾ, ತಪ್ಪಾತು. ಗಿಡಾ ಬಿಡು ಅಂತ ನಾನ ಹೇಳಲಿಲ್ಲ.’