ಮೂರನೇ ಸಲ ವಾಪಸ್ ಬಂದ ಕಾರು

ನಮ್ಮ ಯಜಮಾನರು ಇಪ್ಪತ್ತೊಂಬತ್ತು ವರ್ಷದಿಂದ ಕಾರು ರಿಪೇರಿ ಮಾಡುತ್ತಾರೆ. ಮನೆ ಮುಂದೆಯೇ ಶೆಡ್ಡು. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತಾರೆ ಎಂದು ಊರೆಲ್ಲ ಹೆಸರು. ಹೆಸರಿನ ಹಿಂದೆಯೇ ಜಂಬವೂ ಬಂತು ಅಂದುಕೊಂಡಿದ್ದೆ ನಾನು. ಅಡುಗೆಮನೆಯಿಂದ ಗಂಟಲು ಹರಿಯುವಂತೆ ಕೂಗಿದರೂ ಓಗೊಡುವುದಿಲ್ಲ. ಹೋಗಲಿ ಎಂದು ನಾನೂ ಮಾತು ಕಡಿಮೆ ಮಾಡಿದ್ದೆ.

ಆ ವಾರ ಇವರು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಊರಿನ ಆಸ್ಪತ್ರೆಯ ನರ್ಸಮ್ಮನ ಹಳೇ ಕಾರು ಮೂರನೇ ಸಲ ವಾಪಸ್ ಬಂದಿತ್ತು. ಹತ್ತು ಸಲ ಕೀಲಿ ತಿರುಗಿಸಿದರೆ ಎಂಟು ಸಲ ಸ್ಟಾರ್ಟ್ ಆಗುತ್ತದೆ, ಎರಡು ಸಲ ಜಪ್ಪಯ್ಯ ಅಂದರೂ ಇಲ್ಲ. ಇವರು ಬ್ಯಾಟರಿ ಬದಲಿಸಿದರು, ಕೀಲಿಯ ಸ್ವಿಚ್ಚು ಬದಲಿಸಿದರು. ಶನಿ ಮಾತ್ರ ಬಿಡಲಿಲ್ಲ.

"ಇವತ್ತು ಸಂಜೆಯೊಳಗೆ ಸಿಗದಿದ್ರೆ ಶೆಡ್ಡು ಮುಚ್ತೀನಿ" ಎಂದರು ಬೆಳಿಗ್ಗೆ. ಆಡಿದ ಮಾತಿಗೆ ತಪ್ಪುವವರಲ್ಲ, ಅದೇ ನನಗೆ ಭಯ.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ, "ಒಳಗೆ ಕೂತು ಕೀಲಿ ತಿರುಗ್ಸು" ಎಂದರು. ಐದು ಸಲ ಸ್ಟಾರ್ಟ್ ಆಯಿತು. ಆರನೇ ಸಲ ಇಲ್ಲ.

"ನೋಡಿದ್ಯಾ, ಸದ್ದೇ ಇಲ್ಲ. ಮೋಟರಿಗೆ ಕರೆಂಟೇ ಹೋಗ್ತಿಲ್ಲ."

"ಸದ್ದು ಬಂತಲ್ಲ. ಟಿಕ್ ಅಂತು."

"ತಲೆ ತಿನ್ಬೇಡ. ಇನ್ನೊಂದ್ಸಲ ತಿರುಗ್ಸು."

ತಿರುಗಿಸಿದೆ. ಮತ್ತೆ ಟಿಕ್. ಹೇಳಿದರೆ, "ನಿಂಗೇನು ಗೊತ್ತಾಗತ್ತೆ?" ಎಂದರು. ನನಗೆ ಪಿತ್ತ ನೆತ್ತಿಗೇರಿತು.

"ನಿಮ್ಮ ಕೆಲ್ಸ ಗೊತ್ತಾಗದಿರಬಹುದು. ನನ್ನ ಕಿವಿ ಇನ್ನೂ ನೆಟ್ಟಗಿದೆ."

ಇವರ ಮುಖ ಸಪ್ಪಗಾಯಿತು. ಸ್ಟಾರ್ಟರ್ ಮೋಟರಿನ ಮೇಲೆ ಅಂಗೈ ಇಟ್ಟು, ತಿರುಗಿಸು ಎಂದು ಸನ್ನೆ ಮಾಡಿದರು. ಆ ಟಿಕ್ ಕೈಗೆ ತಾಗಿರಬೇಕು. ಕೈ ತೆಗೆಯದೆ ಹಾಗೇ ನಿಂತರು.

ಟಿಕ್ ಎಂದರೆ ಸ್ವಿಚ್ಚಿನ ತಪ್ಪಲ್ಲವಂತೆ. ಮೋಟರಿಗೆ ಕರೆಂಟು ತಲುಪುತ್ತದೆ, ಇಂಜಿನ್ ತಿರುಗಿಸಲು ಸಾಲುವುದಿಲ್ಲ. ಕಾರಿನಡಿ ತೂರಿ ನೋಡಿದರೆ ಇಂಜಿನ್ನಿನಿಂದ ಕಾರಿನ ಮೈಗೆ ಬರುವ ಅರ್ತ್ ವೈರಿನ ತುದಿ ತುಕ್ಕು ಹಿಡಿದು ಕರೆಂಟು ತಡೆಯುತ್ತಿತ್ತು. ಉಜ್ಜಿ ಬಿಗಿ ಮಾಡಿದರು. ಆಮೇಲೆ ಇಪ್ಪತ್ತು ಸಲ ತಿರುಗಿಸಿದೆ, ಇಪ್ಪತ್ತು ಸಲವೂ ಸ್ಟಾರ್ಟ್ ಆಯಿತು.

ಇವರಿಗೆ ಖುಷಿಯೇ ಇಲ್ಲ. ನಾನು ಎದುರಿಗೆ ಹೋಗಿ ಕೂತೆ.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ಸಣ್ಣ ಸದ್ದು ಕೇಳಿಸಲ್ಲ."

"ಅಂದ್ರೆ ನಾನು ಕೂಗಿದ್ದು?"

"ಒಳಗಿಂದ ಕೂಗಿದ್ದು ಕೇಳಿಸ್ತಿರ್ಲಿಲ್ಲ. ಹತ್ರ ಬಂದು ಬೈದಿದ್ದೆಲ್ಲ ಕೇಳಿಸಿದೆ."

ನಗು ಬಂತು, ಹಿಂದೆಯೇ ಅಳು. ಎರಡು ವರ್ಷ ಸುಮ್ಮನೆ ಮುನಿಸಿಕೊಂಡಿದ್ದೆನಲ್ಲ! ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕಿವಿ ಹೋದ ಮೆಕ್ಯಾನಿಕ್ ಹತ್ರ ಯಾರು ಬರ್ತಾರೆ?"

ಸಂಜೆ ನರ್ಸಮ್ಮ ಬಂದರು. ತುಕ್ಕು ಹಿಡಿದಿತ್ತು ಅಂತಷ್ಟೇ ಹೇಳಿ ಎಂದು ನಾನು ಮೊದಲೇ ಹೇಳಿಕೊಟ್ಟಿದ್ದೆ. ಇವರು ಕೇಳಬೇಕಲ್ಲ.

"ಕಾರಿಂದೇನೂ ತಪ್ಪಿಲ್ಲಮ್ಮ. ಮೊದಲ ದಿನವೇ ಟಿಕ್ ಅಂತಿತ್ತು, ನನ್ನ ಕಿವಿಗೆ ಬೀಳಲಿಲ್ಲ. ನಿಮ್ಮನ್ನ ಸುಮ್ಮನೆ ಅಲೆದಾಡಿಸ್ದೆ. ಕಂಡುಹಿಡಿದವಳು ಇವಳು."

ನರ್ಸಮ್ಮ ಇವರನ್ನೇ ನೋಡಿದರು. ಮೆಲ್ಲಗೆ ಇವರ ಬೆನ್ನ ಹಿಂದೆ ಹೋಗಿ ಚಿಟಿಕೆ ಹೊಡೆದರು. ಇವರು ತಿರುಗಲಿಲ್ಲ. ಅಲ್ಲಿಂದಲೇ ನನಗೆ ಸಣ್ಣ ದನಿಯಲ್ಲಿ, "ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಕ್ಕ, ಕಿವಿ ಡಾಕ್ಟರಿಗೆ ನಾನೇ ತೋರಿಸ್ತೀನಿ" ಎಂದು ಕಾರು ಹತ್ತಿದರು.

ಕಾರು ತಿರುವು ದಾಟುವವರೆಗೂ ಇವರು ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಏನಂದ್ರು? ಇನ್ಮೇಲೆ ಬರಲ್ವಂತಾ?" ಎಂದು ಕೇಳಿದರು.